ದೀಪ ಮರೆಯಾದ ಊರುಗಳು

ನಮ್ಮ ಹಳೆಯ ಮನೆಗಳಲ್ಲಿ ದೀಪವನ್ನು ‘ಆರಿಸು’ ಎಂದು ಹೇಳುವ ರೂಢಿಯಿಲ್ಲ. ‘ದೀಪ ಶಾಂತ ಮಾಡು’ ಎನ್ನುತ್ತಾರೆ; ಕೆಲವು ಕಡೆ ‘ದೊಡ್ಡದು ಮಾಡು’ ಎನ್ನುತ್ತಾರೆ. ‘ಆರಿಸು’ ಎಂಬ ಮಾತು ತಪ್ಪಿ ಬಾಯಿಗೆ ಬಂದರೂ ಹಿರಿಯರು ಗದರಿಕೊಳ್ಳುತ್ತಾರೆ. ಮುಸ್ಸಂಜೆಯಲ್ಲಿ ತಲೆಬಾಗಿಲು ತೆರೆದಿರಬೇಕು, ದೇವರ ಮುಂದೆ ಬೆಳಕಿರಬೇಕು ಎಂಬುದು ನಮ್ಮ ಗೃಹಧರ್ಮ. ಇಂಥ ಮನೆಗೆ ಒಂದು ದಿನ ಸರ್ಕಾರದ ಆಜ್ಞೆ ಬಂದಿತೆಂದು ಭಾವಿಸಿರಿ: ‘ಹೊತ್ತು ಮುಳುಗಿದ ಮೇಲೆ ನಿಮ್ಮ ಮನೆಯ ಒಂದು ಕಿರಣವೂ ಹೊರಗೆ ಕಾಣಕೂಡದು.’ ಆಗ ಮನೆಯೊಡತಿ ಏನು ಮಾಡಬೇಕು? ಬೀದಿಯಲ್ಲಿ ನಡೆಯುವವನು ಏನು ಮಾಡಬೇಕು? ರಾತ್ರಿ ಪಾಳಿಯ ಕೆಲಸಗಾರ ಮನೆಗೆ ಹೇಗೆ ಬರಬೇಕು? ಯುದ್ಧಕಾಲದ ಈ ಕಟ್ಟಳೆಗೆ ಬ್ಲ್ಯಾಕ್‌ಔಟ್ ಎಂದು ಹೆಸರು. ಸೇನಾಪತಿಗಳ ವಿಚಾರವನ್ನು ಇತಿಹಾಸಕಾರರಿಗೆ ಬಿಟ್ಟು, ಈ ಕತ್ತಲೆಯಲ್ಲಿ ಸಂಸಾರ ನಡೆಸಿದ ಸಾಮಾನ್ಯ ಜನರ ವಿಚಾರವನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಮೊದಲಿಗೆ, ಕತ್ತಲೆ ಏಕೆ ಬೇಕಾಯಿತೆಂಬುದನ್ನು ತಿಳಿಯೋಣ. ಎರಡನೆಯ ಮಹಾಯುದ್ಧದ ಆರಂಭದಲ್ಲಿ ರಾತ್ರಿ ಹಾರುವ ವೈಮಾನಿಕನಿಗೆ ಅವನ ಕಣ್ಣೇ ಮುಖ್ಯ ಸಾಧನ. ಹೊಳೆಯ ತಿರುವು, ರೈಲು ಹಾದಿ, ಊರಿನ ದೀಪಗಳ ಸಾಲು, ಇವನ್ನು ನೋಡಿಯೇ ತಾನೆಲ್ಲಿದ್ದೇನೆ ಎಂದು ಅವನು ಲೆಕ್ಕ ಹಾಕಬೇಕು. ದೀಪಗಳು ಮರೆಯಾದರೆ ಊರೂ ಹೊಲವೂ ಅವನಿಗೆ ಒಂದೇ ಬಣ್ಣ. ಈ ಸರಳವಾದ ತರ್ಕದ ಮೇಲೆ ಬ್ರಿಟನ್ ದೇಶವು 1939ರ ಸೆಪ್ಟೆಂಬರ್ 1ರ ರಾತ್ರಿ, ಎಂದರೆ ಯುದ್ಧ ಘೋಷಣೆಯಾಗುವುದಕ್ಕೆ ಎರಡು ದಿನ ಮೊದಲೇ, ತನ್ನ ದೀಪಗಳನ್ನೆಲ್ಲ ಮರೆಮಾಡಿತು. ಆ ಕತ್ತಲೆ ಐದು ವರ್ಷಗಳಿಗೂ ಮೀರಿ ನಡೆಯಿತು. 1944ರ ಸೆಪ್ಟೆಂಬರಿನಲ್ಲಿ ಕಟ್ಟಳೆ ಸ್ವಲ್ಪ ಸಡಿಲವಾಯಿತು. ಪೂರ್ತಿಯಾಗಿ ತೊಲಗಲು 1945ರ ಏಪ್ರಿಲ್ ಬರಬೇಕಾಯಿತು.

ಐದು ವರ್ಷವೆಂದರೆ ಎಷ್ಟು ಸಂಜೆಗಳೆಂದು ಲೆಕ್ಕ ಹಾಕಿ ನೋಡಿ. ಪ್ರತಿ ಸಂಜೆಯೂ ಮನೆಯ ಪ್ರತಿಯೊಂದು ಕಿಟಕಿಗೂ ದಪ್ಪನೆಯ ಕಪ್ಪು ಪರದೆ ಎಳೆಯಬೇಕು. ಬಟ್ಟೆ ಸಾಲದ ಕಡೆ ಕಪ್ಪು ಕಾಗದವನ್ನು ಮೊಳೆ ಚುಚ್ಚಿ ನಿಲ್ಲಿಸಬೇಕು. ಅಂಚಿನಲ್ಲಿ ಎಲ್ಲಾದರೂ ಬೆಳಕು ಸೋರುತ್ತಿದೆಯೇ ಎಂದು ಹೊರಗೆ ಹೋಗಿ ನೋಡಿ ಬರಬೇಕು. ಪರದೆ ಎಳೆಯಬೇಕಾದ ಹೊತ್ತನ್ನು ಪತ್ರಿಕೆಗಳು ದಿನದಿನವೂ ಅಚ್ಚುಮಾಡುತ್ತಿದ್ದವು. ದೊಡ್ಡ ಮನೆಗಳಲ್ಲಿ ಇದೇ ಅರ್ಧ ಗಂಟೆಯ ಕೆಲಸ. ಬೆಳಗ್ಗೆ ಎದ್ದು ಅದನ್ನೆಲ್ಲ ಬಿಚ್ಚುವುದು ಇನ್ನೊಂದು ಕೆಲಸ. ಕಿಟಕಿ ಮುಚ್ಚಿದ ಮೇಲೆ ಗಾಳಿಯಿಲ್ಲ. ಬೇಸಗೆಯ ರಾತ್ರಿ ಒಳಗೆ ಕುಳಿತವರಿಗೆ ಉಸಿರು ಕಟ್ಟುತ್ತಿತ್ತು. ಕಾರ್ಖಾನೆಗಳ ಮಾಡಿನ ಗಾಜುಗಳಿಗೆ ಕಪ್ಪು ಬಣ್ಣ ಬಳಿದ ಕಡೆ ಆ ಬಣ್ಣವನ್ನು ದಿನವೂ ತೆಗೆದು ದಿನವೂ ಹಚ್ಚಲಾದೀತೆ? ಅಲ್ಲಿನ ಕೆಲಸಗಾರರು ಹಗಲಿನಲ್ಲೂ ವಿದ್ಯುದ್ದೀಪದಡಿಯಲ್ಲೇ ದುಡಿದರು. ಚಳಿಗಾಲದಲ್ಲಿ ಅವರು ನಸುಕಿನಲ್ಲಿ ಒಳಹೊಕ್ಕು ಕತ್ತಲೆಯಲ್ಲಿ ಹೊರಬರುವಾಗ ಸೂರ್ಯನ ಮುಖವನ್ನೇ ಕಾಣದ ದಿನಗಳಿದ್ದವು.

ಬೀದಿಬೀದಿಗೂ ವಾರ್ಡನ್ ಎಂಬ ಸ್ವಯಂಸೇವಕರಿದ್ದರು. ಹಗಲು ಅಂಗಡಿಯಲ್ಲೋ ಕಚೇರಿಯಲ್ಲೋ ದುಡಿದು ರಾತ್ರಿ ತಲೆಗೆ ಉಕ್ಕಿನ ಟೋಪಿ ಹಾಕಿಕೊಂಡು ಬೀದಿ ಸುತ್ತುವ ನೆರೆಹೊರೆಯವರೇ ಇವರು. ಎಲ್ಲಾದರೂ ಬೆಳಕಿನ ಗೆರೆ ಕಂಡರೆ ‘ಆ ದೀಪ ತೆಗೆಯಿರಿ!’ ಎಂದು ಕೂಗುವುದು ಅವರ ಕರ್ತವ್ಯ. ಹೇಳಿದರೂ ಕೇಳದವರಿಗೆ ನ್ಯಾಯಾಲಯದಲ್ಲಿ ದಂಡ. ನಿನ್ನೆಯವರೆಗೆ ಹಾಲಿನ ಲೆಕ್ಕ ಮಾತಾಡಿಕೊಂಡಿದ್ದ ನೆರೆಯವನು ಇಂದು ಬಾಗಿಲಿಗೆ ಬಂದು ಆಜ್ಞೆ ಮಾಡಿದರೆ ಯಾರಿಗೆ ತಾನೆ ಮುನಿಸು ಬರುವುದಿಲ್ಲ? ಯುದ್ಧದ ಮೊದಲ ತಿಂಗಳುಗಳಲ್ಲಿ, ಬಾಂಬು ಬೀಳದಿದ್ದಾಗ, ಜನ ಈ ವಾರ್ಡನ್ನರನ್ನು ಹಾಸ್ಯ ಮಾಡಿದರು. 1940ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಮೇಲೆ ರಾತ್ರಿ ರಾತ್ರಿಯೂ ಬಾಂಬಿನ ಮಳೆ ಆರಂಭವಾದಾಗ, ಕುಸಿದ ಮನೆಯ ಅಡಿಯಲ್ಲಿ ಯಾರಿದ್ದಾರೆ, ಎಷ್ಟು ಮಂದಿಯಿದ್ದಾರೆ ಎಂದು ಬಾಯಿಪಾಠವಾಗಿ ಹೇಳಬಲ್ಲವರು ಈ ವಾರ್ಡನ್ನರೇ ಆಗಿದ್ದರು. ಹಾಸ್ಯ ಅಲ್ಲಿಗೆ ನಿಂತಿತು.

ಆದರೆ ಕತ್ತಲೆಯೂ ಕೊಲ್ಲುತ್ತದೆ. ಈ ಮಾತನ್ನು ಮುಚ್ಚಿಡುವ ಹಾಗಿಲ್ಲ. ಬೀದಿದೀಪವಿಲ್ಲ, ಮೋಟಾರಿನ ಮುಂದೀಪಕ್ಕೆ ಮುಸುಕು ಹಾಕಿ, ಸಣ್ಣ ಸೀಳುಗಳಿಂದ ಬರುವಷ್ಟೇ ಬೆಳಕು. ಎದುರಿನಿಂದ ಬರುವವನಿಗೆ ಗಾಡಿ ಕಾಣದು, ಗಾಡಿಯವನಿಗೆ ನಡೆಯುವವನು ಕಾಣನು. ಬ್ರಿಟನ್ನಿನ ರಸ್ತೆಗಳಲ್ಲಿ 1938ರಲ್ಲಿ 6,648 ಮಂದಿ ಅಪಘಾತದಿಂದ ಸತ್ತಿದ್ದರು. 1941ರಲ್ಲಿ ಈ ಸಂಖ್ಯೆ 9,169ಕ್ಕೆ ಏರಿತು. ಪೆಟ್ರೋಲಿಗೆ ಪಡಿತರ ಬಂದು ಖಾಸಗಿ ಗಾಡಿಗಳ ಓಡಾಟ ಕಡಿಮೆಯಾಗಿದ್ದ ಕಾಲದ ಲೆಕ್ಕವಿದು! ಆ ದೇಶದ ರಸ್ತೆಗಳಲ್ಲಿ ಅಷ್ಟು ಜನ ಸತ್ತ ವರ್ಷ ಅದಕ್ಕೆ ಮೊದಲಿಲ್ಲ, ಆಮೇಲೂ ಇಲ್ಲ. ಯುದ್ಧದ ಮೊದಲ ಚಳಿಗಾಲದಲ್ಲಂತೂ ಶತ್ರುವಿನ ಬಾಂಬಿಗಿಂತ ತಮ್ಮದೇ ರಸ್ತೆಯ ಕತ್ತಲೆಗೆ ಬಲಿಯಾದ ನಾಗರಿಕರೇ ಹೆಚ್ಚು. ವೃದ್ಧರು, ಕಣ್ಣು ಮಂದವಾದವರು, ರಾತ್ರಿ ಕೆಲಸದಿಂದ ನಡೆದು ಬರುವವರು, ಇವರಿಗೆ ಅಪಾಯ ಎಲ್ಲರಿಗಿಂತ ಹೆಚ್ಚು.

ಹಾಗೆಂದು ಆ ಜನ ಕೈಕಟ್ಟಿ ಕೂರಲಿಲ್ಲ. ಕಾಲುದಾರಿಯ ಅಂಚಿನ ಕಲ್ಲುಗಳಿಗೂ, ರಸ್ತೆಬದಿಯ ಮರಗಳ ಬುಡಕ್ಕೂ, ಕಂಬಗಳಿಗೂ ಬಿಳಿ ಬಣ್ಣ ಬಳಿದರು. ಗಾಡಿಗಳ ಮಡ್‌ಗಾರ್ಡಿಗೂ ಬಿಳಿ ಪಟ್ಟೆ ಬಂದಿತು. 1940ರ ಫೆಬ್ರುವರಿಯಿಂದ ಊರೊಳಗೆ ರಾತ್ರಿ ವೇಳೆ ಗಂಟೆಗೆ 20 ಮೈಲಿಗಿಂತ ವೇಗವಾಗಿ ಗಾಡಿ ಓಡಿಸಬಾರದೆಂದು ವಿಧಿಸಿದರು. ಟಾರ್ಚಿನ ಗಾಜಿಗೆ ತೆಳ್ಳನೆಯ ಕಾಗದ ಅಂಟಿಸಿ, ನೆಲಕ್ಕೆ ಮಾತ್ರ ಬೆಳಕು ಬೀಳುವಂತೆ ಹಿಡಿದು ನಡೆಯಲು ಅನುಮತಿ ಕೊಟ್ಟರು. ಟಾರ್ಚು ಸಿಕ್ಕಿದರೆ ಬ್ಯಾಟರಿ ಸಿಕ್ಕುತ್ತಿರಲಿಲ್ಲ ಎಂಬುದು ಬೇರೆ ಮಾತು. 1941ರಿಂದ ಬೇಸಗೆಯಲ್ಲಿ ಗಡಿಯಾರವನ್ನೇ ಎರಡು ಗಂಟೆ ಮುಂದಕ್ಕೆ ತಿರುಗಿಸಿ, ಜನ ಹಗಲಿನ ಬೆಳಕಿನಲ್ಲೇ ಮನೆ ಸೇರುವಂತೆ ಮಾಡಿದರು. ಬೆಳದಿಂಗಳ ರಾತ್ರಿಯ ಸ್ಥಿತಿಯೇ ವಿಚಿತ್ರ. ನಡೆಯುವವನಿಗೆ ಚಂದ್ರ ಸ್ನೇಹಿತ. ಆದರೆ ಅದೇ ಚಂದ್ರ ವೈಮಾನಿಕನಿಗೂ ದಾರಿ ತೋರುತ್ತಾನೆ. 1940ರ ನವೆಂಬರ್ 14ರಂದು ಕೊವೆಂಟ್ರಿ ನಗರವು ಸುಟ್ಟುಹೋದದ್ದು ಇಂಥ ಬೆಳದಿಂಗಳಲ್ಲಿ. ಹುಣ್ಣಿಮೆ ಬಂದರೆ ಹೆದರುವ ಕಾಲ ಅದು.

ರೇಡಿಯೋ ಇರುವ ಮನೆಯವರಾದ ನಿಮಗೆ ಇನ್ನೊಂದು ಸಂಗತಿ ಸ್ವಾರಸ್ಯವೆನಿಸೀತು. ದೀಪದಂತೆಯೇ ರೇಡಿಯೋ ಕೇಂದ್ರವೂ ಶತ್ರುವಿಗೆ ದಾರಿ ತೋರಬಲ್ಲದು. ಇಂಥ ಊರಿನ ಪ್ರೇಷಕ ಯಂತ್ರ ಇಂಥ ತರಂಗದಲ್ಲಿ ಮಾತಾಡುತ್ತದೆ ಎಂದು ಗೊತ್ತಿದ್ದರೆ, ವಿಮಾನದಲ್ಲಿರುವವನು ಆ ಧ್ವನಿ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಅಳೆದು ಊರಿನ ದಿಕ್ಕನ್ನು ಕಂಡುಹಿಡಿಯಬಹುದು. ಆದ್ದರಿಂದ ದೀಪಗಳು ಮರೆಯಾದ ಆ 1939ರ ಸೆಪ್ಟೆಂಬರ್ 1ರಂದೇ ಬಿ.ಬಿ.ಸಿ. ತನ್ನ ರಾಷ್ಟ್ರೀಯ ಮತ್ತು ಪ್ರಾಂತೀಯ ಕಾರ್ಯಕ್ರಮಗಳನ್ನು ನಿಲ್ಲಿಸಿ, ದೇಶಕ್ಕೆಲ್ಲ ಒಂದೇ ಕಾರ್ಯಕ್ರಮವನ್ನು ಹಲವು ಪ್ರೇಷಕ ಯಂತ್ರಗಳಿಂದ ಏಕಕಾಲಕ್ಕೆ, ಅವು ಹಂಚಿಕೊಂಡ ತರಂಗಗಳಲ್ಲಿ ಕೊಡತೊಡಗಿತು. ಹತ್ತು ಕಡೆಯಿಂದ ಒಂದೇ ದನಿ ಬಂದರೆ ಯಾವುದನ್ನು ಹಿಡಿದು ಹೊರಡುವುದು? ಹೀಗೆ ಧ್ವನಿಗೂ ಒಂದು ಬಗೆಯ ಪರದೆ ಎಳೆದರು. ಆ ಪರದೆಯ ಈಚೆ, ಮುಚ್ಚಿದ ಕೋಣೆಗಳಲ್ಲಿ, ಮನೆಮಂದಿಯೆಲ್ಲ ರಾತ್ರಿ ಒಂಬತ್ತರ ವಾರ್ತೆಗೆ ಕಿವಿಗೊಟ್ಟು ಕುಳಿತಿರುತ್ತಿದ್ದರು.

ದೀಪ ಮರೆಮಾಡದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಪೂರ್ವ ಕರಾವಳಿ ಸಾಕ್ಷಿ. 1942ರ ಮೊದಲ ತಿಂಗಳುಗಳಲ್ಲಿ ಜರ್ಮನಿಯ ಜಲಾಂತರ್ಗಾಮಿ ನೌಕೆಗಳು ಆ ತೀರಕ್ಕೆ ಬಂದು ಹೊಂಚು ಹಾಕಿದ್ದವು. ತೀರದ ಊರುಗಳು ಎಂದಿನಂತೆ ಜಗಜಗಿಸುತ್ತಿದ್ದವು. ದೀಪ ತಗ್ಗಿಸಿದರೆ ಪ್ರವಾಸಿಗರು ಬಾರರು, ವ್ಯಾಪಾರ ಕೆಡುತ್ತದೆ ಎಂದು ಕೆಲವು ಊರಿನ ವರ್ತಕರು ತಕರಾರು ಮಾಡಿದರು. ಆ ಬೆಳಕಿನ ಹಿನ್ನೆಲೆಯಲ್ಲಿ, ಕಡಲಲ್ಲಿ ಹೋಗುವ ಎಣ್ಣೆ ಹಡಗುಗಳು ಕಪ್ಪು ನೆರಳಿನಂತೆ ಎದ್ದು ಕಂಡವು. ಒಂದಾದ ಮೇಲೊಂದು ಮುಳುಗಿದವು. ದೀಪ ಹಚ್ಚಿದ ಅಂಗಡಿಯವನಿಗೆ ಏನೂ ಆಗಲಿಲ್ಲ. ಸತ್ತವರು ಹಡಗಿನ ನಾವಿಕರು. ನೀವು ಗಮನಿಸಬೇಕಾದ ಮುಖ್ಯ ಸಂಗತಿ ಇದೇ. ನನ್ನ ಮನೆಯ ದೀಪ ನನ್ನ ಸ್ವಂತದ್ದು. ಆದರೆ ಅದರ ಬೆಳಕು ಬೀಳುವುದು ಇನ್ನೊಬ್ಬನ ಪ್ರಾಣದ ಮೇಲೆ.

ಇನ್ನು ನಮ್ಮ ದೇಶಕ್ಕೆ ಬರೋಣ. 1942ರ ಏಪ್ರಿಲ್ 6ರಂದು ಜಪಾನೀ ವಿಮಾನಗಳು ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ ಬಾಂಬು ಹಾಕಿದವು. ಮದರಾಸಿನಲ್ಲಿ ಭಯ ಹಬ್ಬಿ, ಸಾವಿರಾರು ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಒಳನಾಡಿನ ಕಡೆಗೆ ಹೊರಟವು. ಸರ್ಕಾರದ ಕಚೇರಿಗಳೂ ಒಳನಾಡಿಗೆ ಸಾಗಿದವು. ಅದೇ ವರ್ಷ ಡಿಸೆಂಬರಿನಲ್ಲಿ ಕಲ್ಕತ್ತೆಗೂ ಬಾಂಬು ಬಿದ್ದಿತು. ಬಾಂಬು ಬೀಳದ ಒಳನಾಡಿಗೂ ಯುದ್ಧದ ಕತ್ತಲೆ ತಪ್ಪಲಿಲ್ಲ. ಅದು ಬೇರೆ ದಾರಿಯಿಂದ ಬಂದಿತು. ಬರ್ಮಾ ದೇಶ ಜಪಾನೀಯರ ಕೈಸೇರಿತು. ಅಲ್ಲಿನ ಎಣ್ಣೆ ಬಾವಿಗಳಿಂದ ನಮಗೆ ಬರುತ್ತಿದ್ದ ಸೀಮೆಎಣ್ಣೆ ನಿಂತುಹೋಯಿತು. ಬೆಂಗಳೂರು 1905ರಲ್ಲೇ ವಿದ್ಯುತ್ತಿನ ಬೀದಿದೀಪವನ್ನು ಕಂಡ ಊರು. ಆದರೆ ಹಳ್ಳಿಯ ಮನೆಗೆ ಲಾಟೀನೇ ಗತಿ. ಸೀಮೆಎಣ್ಣೆಯ ಬುಡ್ಡಿ ಬರಿದಾದ ಮನೆಗೆ ಕಪ್ಪು ಪರದೆಯ ಅಗತ್ಯವೇ ಇರಲಿಲ್ಲ. ನಮ್ಮಲ್ಲೂ ಗಡಿಯಾರವನ್ನು 1942ರ ಸೆಪ್ಟೆಂಬರ್ 1ರಿಂದ ಒಂದು ಗಂಟೆ ಮುಂದಕ್ಕೆ ಇಟ್ಟಿದ್ದರು. 1945ರ ಅಕ್ಟೋಬರಿನವರೆಗೆ ದೇಶದ ಗಡಿಯಾರ ಒಂದು ಹೊತ್ತು, ಆಕಾಶದ ಸೂರ್ಯ ಇನ್ನೊಂದು ಹೊತ್ತು ಹೇಳುತ್ತಿದ್ದರು.

ಸ್ವತಂತ್ರ ಭಾರತಕ್ಕೆ ಈ ಅನುಭವ 1965ರ ಸೆಪ್ಟೆಂಬರಿನಲ್ಲಿ ಬಂದಿತು, ಮತ್ತೆ 1971ರ ಡಿಸೆಂಬರಿನಲ್ಲಿ ಬಂದಿತು. 1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಿಮಾನನೆಲೆಗಳ ಮೇಲೆ ಎರಗಿದವು. ಅಂದು ನಡುರಾತ್ರಿ ಕಳೆದ ಮೇಲೆ ಪ್ರಧಾನಿ ಇಂದಿರಾ ಗಾಂಧಿಯವರು ಆಕಾಶವಾಣಿಯಲ್ಲಿ ದೇಶವನ್ನುದ್ದೇಶಿಸಿ ಮಾತಾಡಿದರು. ಪಶ್ಚಿಮದ ಊರುಗಳಲ್ಲಿ ಕಿಟಕಿಯ ಗಾಜುಗಳಿಗೆ ಕಪ್ಪು ಕಾಗದ, ಮೋಟಾರಿನ ಮುಂದೀಪದ ಮೇಲರ್ಧಕ್ಕೆ ಕಪ್ಪು ಬಣ್ಣ. ಆಗ್ರದ ತಾಜಮಹಲಿನ ಬಿಳಿ ಅಮೃತಶಿಲೆ ಬೆಳದಿಂಗಳಲ್ಲಿ ಹೊಳೆಯದಂತೆ ಅದಕ್ಕೆ ಬಟ್ಟೆ ಹೊದಿಸಿದರು. ಮುಂಬಯಿಯಲ್ಲಿ ನೆಲಸಿದ ನಮ್ಮ ಕನ್ನಡಿಗರ ಸಂಸಾರಗಳೂ ಆ ದಿನಗಳನ್ನು ಕಪ್ಪು ಕಾಗದದ ಹಿಂದೆಯೇ ಕಳೆದವು. ವಾಲ್ವ್ ರೇಡಿಯೋ ಇದ್ದ ಮನೆಯಲ್ಲಿ ಅದರ ಮುಖದ ಪುಟ್ಟ ದೀಪಕ್ಕೂ ಒಂದು ಬಟ್ಟೆ ಬೇಕಾಗುತ್ತಿತ್ತು. ಡಿಸೆಂಬರ್ 17ರಂದು ಪಶ್ಚಿಮದಲ್ಲಿ ಕದನ ನಿಂತಿತು. ಹದಿನೈದು ದಿನ ತುಂಬುವ ಮೊದಲೇ ಊರುಗಳಿಗೆ ದೀಪ ಮರಳಿತು.

‘ಈಗ ಉಪಗ್ರಹಗಳು, ಯಂತ್ರಗಳೇ ಗುರಿ ಹುಡುಕುವ ಕ್ಷಿಪಣಿಗಳು ಬಂದಿರುವಾಗ ಕಿಟಕಿಗೆ ಪರದೆ ಎಳೆದು ಏನು ಪ್ರಯೋಜನ?’ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. 1940ರಲ್ಲೇ ಜರ್ಮನ್ ವಿಮಾನಗಳು ರೇಡಿಯೋ ಕಿರಣಗಳನ್ನು ಹಿಡಿದು ಕತ್ತಲೆಯಲ್ಲಿ ಊರು ಹುಡುಕುವುದನ್ನು ಕಲಿತಿದ್ದವು. ಕತ್ತಲೆ ಎಂದೂ ಕೋಟೆಯಾಗಿರಲಿಲ್ಲ. ಶತ್ರುವಿನ ಕೆಲಸವನ್ನು ಸ್ವಲ್ಪ ಕಷ್ಟಗೊಳಿಸುವ ಬೇಲಿ ಮಾತ್ರವಾಗಿತ್ತು. ಆದರೂ 2025ರ ಮೇ ತಿಂಗಳಲ್ಲಿ ದೇಶದ 244 ನಾಗರಿಕ ರಕ್ಷಣಾ ಜಿಲ್ಲೆಗಳಲ್ಲಿ ಅಣಕು ಅಭ್ಯಾಸಕ್ಕೆ ಆದೇಶವಾದಾಗ ನಮ್ಮ ಬೆಂಗಳೂರು, ಕಾರವಾರ, ರಾಯಚೂರುಗಳೂ ಪಟ್ಟಿಯಲ್ಲಿದ್ದವು. ಅದೇ ವಾರ ಪಂಜಾಬು, ಜಮ್ಮು ಮುಂತಾದ ಗಡಿಸೀಮೆಯ ಊರುಗಳು ನಿಜವಾಗಿಯೇ ಕತ್ತಲೆಯಲ್ಲಿ ರಾತ್ರಿ ಕಳೆದವು. ಹಳೆಯ ಕಟ್ಟಳೆ ಇನ್ನೂ ಬಳಕೆಯಲ್ಲಿದೆ ಎಂದಮೇಲೆ, ಹಳಬರ ಅನುಭವದಿಂದ ಕಲಿಯುವುದು ಜಾಣತನ.

ಆ ಅನುಭವದ ಸಾರ ಮೂರು ಮಾತಿನಲ್ಲಿದೆ. ಒಂದು, ಬೆಳಕಿನ ಕಟ್ಟಳೆಗೆ ಒಳಗಾಗುವವರಲ್ಲಿ ದುರ್ಬಲರಿಗೇ ಹೆಚ್ಚಿನ ಹೊರೆ. ಆದ್ದರಿಂದ ಕತ್ತಲಾಗುವ ಮೊದಲೇ ನಿಮ್ಮ ಬೀದಿಯ ವೃದ್ಧರು, ಬಸುರಿ ಬಾಣಂತಿಯರು, ಒಂಟಿಯಾಗಿರುವ ರೋಗಿಗಳು ಯಾರೆಂಬುದು ನಿಮಗೆ ತಿಳಿದಿರಬೇಕು. ಎರಡು, ಕತ್ತಲೆಯಲ್ಲಿ ಅವಸರ ಬೇಡ. ಗಾಡಿಯವನು ನಿಧಾನಿಸಲಿ, ನಡೆಯುವವನು ಬಿಳಿಯ ಬಟ್ಟೆ ಉಡಲಿ. ಟಾರ್ಚು, ನೀರಿನ ಕೊಡ, ಔಷಧಿ, ಇವು ಕೈಗೆ ಸಿಕ್ಕುವ ಒಂದೇ ಜಾಗದಲ್ಲಿರಲಿ. ಮೂರು, ಗಾಳಿಮಾತನ್ನು ನಂಬದೆ ಅಧಿಕೃತ ವಾರ್ತೆಗಾಗಿ ಕಾಯಬೇಕು. ಕಣ್ಣಿಗೆ ಏನೂ ಕಾಣದಾಗ ಕಿವಿ ಕೇಳಿದ್ದನ್ನೆಲ್ಲ ನಂಬುತ್ತದೆ.

ಇಂಥ ರಾತ್ರಿಗಳು ನಮ್ಮ ಊರುಗಳಿಗೆ ಬಾರದಿರಲಿ ಎಂಬುದೇ ಎಲ್ಲರ ಹಾರೈಕೆ. ಬಂದರೂ, ನಮ್ಮ ಮನೆಯ ದೀಪವನ್ನು ಶಾಂತ ಮಾಡಿದ ಮೇಲೆ ಪಕ್ಕದ ಮನೆಯ ಅಜ್ಜಿ ಏನು ಮಾಡುತ್ತಿದ್ದಾಳೆಂದು ಹೋಗಿ ವಿಚಾರಿಸುವವರೊಬ್ಬರು ಪ್ರತಿ ಬೀದಿಯಲ್ಲೂ ಇರಬೇಕು. ಆ ಒಬ್ಬರು ನೀವಾಗಿರಿ.