ಕುಳಗಿಯ ಕತ್ತಲಲ್ಲೂ ಕಾಣದ ಆಕಾಶ

ಕಳೆದ ವಾರ ದಾಂಡೇಲಿ ಹತ್ತಿರದ ಕುಳಗಿ ನಿಸರ್ಗ ಶಿಬಿರದಲ್ಲಿ ಒಂದು ರಾತ್ರಿ ಇದ್ದೆ. ಸುತ್ತ ಹುಲಿಗಳಿರೋ ಕಾಡು, ತಲೆ ಮೇಲೆ ಬೆಂಗಳೂರು ಮರೆತೇಬಿಟ್ಟಿರೋ ಅಷ್ಟೊಂದು ನಕ್ಷತ್ರ. ಶಿಬಿರಕ್ಕೆ ಬಂದಿದ್ದ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಸರ್, ಬ್ಲ್ಯಾಕ್ ಹೋಲ್ ಎಲ್ಲಿದೆ, ತೋರಿಸಿ." ದಿನಾ ರಾತ್ರಿ ಮಂತ್ರಿಗಳಿಗೆ ಪ್ರಶ್ನೆ ಹಾಕೋ ನಾನು ಅಲ್ಲಿ ತಬ್ಬಿಬ್ಬಾದೆ.

ಕಪ್ಪುಕುಳಿ ಕಾಣೋದಿಲ್ಲ. ಆದರೆ ಅದರೊಳಗೆ ಬೀಳುವ ಅನಿಲ ಲಕ್ಷಾಂತರ ಡಿಗ್ರಿ ಕಾದು ಎಕ್ಸ್‌-ರೇ ಸೂಸುತ್ತದೆ. ಆ ಕಿರಣವನ್ನು ನಮ್ಮ ವಾತಾವರಣ ಮೇಲೆಯೇ ತಡೆದುಬಿಡುತ್ತೆ. ತಡೆಯದಿದ್ದರೆ ನಾವು ಬದುಕುತ್ತಿರಲಿಲ್ಲ, ಅದು ಬೇರೆ ಮಾತು. ಹಾಗಾಗಿ ದೂರದರ್ಶಕವೇ ಬಾಹ್ಯಾಕಾಶಕ್ಕೆ ಹೋಗಬೇಕು. ಅಲ್ಲೂ ತೊಡಕಿದೆ. ಎದುರಿಗೆ ಕನ್ನಡಿ ಹಿಡಿದರೆ ಎಕ್ಸ್‌-ರೇ ಒಳಗೇ ನುಗ್ಗುತ್ತದೆ. ಕಾಳಿ ನದಿಯಲ್ಲಿ ಚಪ್ಪಟೆ ಕಲ್ಲನ್ನು ಓರೆಯಾಗಿ ಎಸೆದರೆ ನೀರಿನ ಮೇಲೆ ಜಿಗಿದು ಹೋಗುತ್ತಲ್ಲ, ಹಾಗೆ ಕನ್ನಡಿಗೆ ಸವರಿಕೊಂಡು ಹೋಗುವಂತೆ ಮಾಡಿದರೆ ಮಾತ್ರ ತಿರುಗುತ್ತದೆ.

ಅಂಥ ಕನ್ನಡಿಗಳ ಚಂದ್ರಾ ದೂರದರ್ಶಕ 1999ರಿಂದ ದುಡಿಯುತ್ತಿದೆ. ಹೆಸರು ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರದು. 2023ರಲ್ಲಿ ಅದು, ವೆಬ್ ದೂರದರ್ಶಕದ ಜೊತೆ ಸೇರಿ, ಯುಎಚ್‌ಝಡ್‌1 ಎಂಬ ಗ್ಯಾಲಕ್ಸಿಯಲ್ಲಿ ಒಂದು ದೈತ್ಯ ಕಪ್ಪುಕುಳಿ ಪತ್ತೆಮಾಡಿತು. ವಿಶ್ವ ಹುಟ್ಟಿ ಇನ್ನೂ ಸುಮಾರು 47 ಕೋಟಿ ವರ್ಷ! ಅಷ್ಟು ಬೇಗ ಅಷ್ಟು ದೊಡ್ಡದಾಗಿ ಬೆಳೆದದ್ದು ಹೇಗೆ? ಸತ್ತ ನಕ್ಷತ್ರದಿಂದ ಶುರುವಾಯಿತೋ, ದೊಡ್ಡ ಅನಿಲದ ಮೋಡವೇ ನೇರವಾಗಿ ಕುಸಿಯಿತೋ? ಒಂದೆರಡು ಉದಾಹರಣೆಯಿಂದ ತೀರ್ಪು ಕೊಡಲಾಗದು. ಆ ಒಂದಕ್ಕೇ ಚಂದ್ರಾ ಎರಡು ವಾರದಷ್ಟು ಹೊತ್ತು ದಿಟ್ಟಿಸಬೇಕಾಯಿತು. ಬೆಳಕನ್ನು ಇನ್ನೂ ಹೆಚ್ಚು ಬಾಚಿಕೊಳ್ಳುವ ಹೊಸ ಕಣ್ಣು ಬೇಕು. ಯುರೋಪಿನ ನ್ಯೂಅಥೆನಾ 2037ರ ಸುಮಾರಿಗೆ ಹಾರಬೇಕೆಂಬ ಯೋಜನೆ ಇದೆ. ಅಲ್ಲಿಯವರೆಗೆ? ಈ ಮುದಿ ಚಂದ್ರಾದ ಖರ್ಚಿಗೂ ದೊಡ್ಡ ಕತ್ತರಿ ಹಾಕುವ ಪ್ರಸ್ತಾಪ 2024ರಲ್ಲಿ ಅಮೆರಿಕದಲ್ಲೇ ಬಂತು.

ನಾವೇನು ಕಮ್ಮಿ ಇಲ್ಲ. 2015ರ ಆಸ್ಟ್ರೋಸ್ಯಾಟ್‌ಗೆ ಮುಂಬೈಯ ಟಿಐಎಫ್‌ಆರ್ ಇಂಥದೇ ಓರೆ ಕನ್ನಡಿಗಳ ದೂರದರ್ಶಕ ಕಟ್ಟಿಕೊಟ್ಟಿತು. 2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್‌ನ ಮುಖ್ಯ ಉಪಕರಣ ಪೋಲಿಕ್ಸ್ ತಯಾರಾದದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಚಂದ್ರಶೇಖರ್ ಅವರ ಚಿಕ್ಕಪ್ಪ ಸಿ.ವಿ. ರಾಮನ್ ಕಟ್ಟಿದ ಸಂಸ್ಥೆ ಅದು. ಆದರೆ ಎಕ್ಸ್‌ಪೋಸ್ಯಾಟ್‌ನ ಆಯುಸ್ಸು ಐದು ವರ್ಷ ಅಂತ ಲೆಕ್ಕ. ದೊಡ್ಡ ದೂರದರ್ಶಕಕ್ಕೆ ಇಪ್ಪತ್ತು ವರ್ಷ ಹಿಡಿಯುತ್ತೆ. ಚಂದ್ರಾದ ಪ್ರಸ್ತಾವ ಬಂದದ್ದು 1976ರಲ್ಲಿ, ಹಾರಿದ್ದು 23 ವರ್ಷದ ನಂತರ.

ರಾಕೆಟ್ ಹಾರಿದ ದಿನ ಸ್ಟುಡಿಯೋದಲ್ಲಿ ಚಪ್ಪಾಳೆ ತಟ್ಟುತ್ತೇವೆ. ನಾನೂ ತಟ್ಟಿದ್ದೇನೆ. ನಮ್ಮ ಮುಂದಿನ ಎಕ್ಸ್‌-ರೇ ಕನ್ನಡಿ ಯಾವುದು, ಯಾವಾಗ, ದುಡ್ಡೆಷ್ಟು ಅಂತ ಯಾವ ಬಜೆಟ್ ದಿನವೂ ಕೇಳಿಲ್ಲ. ಈ ಸಲ ಕೇಳುತ್ತೇನೆ. ಕುಳಗಿಯ ಹುಡುಗಿಗೆ 2037ಕ್ಕೆ ಇಪ್ಪತ್ತೈದರ ಆಸುಪಾಸು.