ಗೋಮುಖದ ಹಾದಿಯಲ್ಲಿ ಉಸಿರು

ಗಂಗೋತ್ರಿ ರಾಷ್ಟ್ರೀಯ ಉದ್ಯಾನದೊಳಗೆ ನಡೆದು ಗೋಮುಖದ ಹಿಮನದಿಯನ್ನು ಕಾಣಬೇಕೆಂದು ಹೊರಡುವ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಯಾತ್ರಿಕರು ಮೇಲಿಂದ ಮೇಲೆ ಕೇಳುವ ಪ್ರಶ್ನೆಯೆಂದರೆ, ದಾರಿಯಲ್ಲಿ ಕರಡಿಯೋ ಹಿಮಚಿರತೆಯೋ ಎದುರಾದರೆ ಗತಿಯೇನೆಂಬುದು. ದರೋಜಿಯ ಕರಡಿಗಳ ನೆರೆಯಲ್ಲಿ ಬಾಳುವ ನಮಗೆ ಆ ಅಂಜಿಕೆ ಸಹಜವೇ. ಆದರೆ ಹಿಮಚಿರತೆಯ ದರ್ಶನ ಅಲ್ಲಿಯವರಿಗೇ ದುರ್ಲಭ. ಭರಲ್ ಎಂಬ ಕಾಡುಕುರಿಗಳ ಹಿಂಡು ಕಂಡೀತು. ತಿನಿಸು ಚೆಲ್ಲದೆ ದೂರದಿಂದಲೇ ನೋಡಿರಿ. ನಾನು ಅಂಜುವುದು ಅಲ್ಲಿಯ ಗಾಳಿಗೆ.

ಹತ್ತಿಯ ರಾಶಿಯಲ್ಲಿ ಮೇಲಿನ ಭಾರಕ್ಕೆ ತಳದ ಹತ್ತಿ ಒತ್ತೊತ್ತಾಗಿ, ತುದಿಯದು ಅರಳಿಕೊಂಡು ಇರುವುದನ್ನು ನೀವೆಲ್ಲ ಬಲ್ಲಿರಿ. ವಾಯುಮಂಡಲದ ಸ್ಥಿತಿಯೂ ಅಂಥದೇ. ಸುಮಾರು 4,000 ಮೀಟರ್ ಎತ್ತರದ ಗೋಮುಖದಲ್ಲಿಯೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇಕಡಾ 21ರಷ್ಟೇ. ಆದರೆ ಗಾಳಿಯ ಒತ್ತಡವು ಸಮುದ್ರಮಟ್ಟದ ಒತ್ತಡದ ಶೇಕಡಾ 60ರ ಸಮೀಪಕ್ಕೆ ಇಳಿದಿರುವುದರಿಂದ, ಎಷ್ಟು ದೀರ್ಘವಾಗಿ ಉಸಿರೆಳೆದರೂ ರಕ್ತಕ್ಕೆ ಸೇರುವ ಆಮ್ಲಜನಕ ಕಡಿಮೆಯೇ. ಮತ್ತೊಮ್ಮೆ ಹೇಳುತ್ತೇನೆ: ಗಾಳಿ ಕೆಟ್ಟಿರುವುದಿಲ್ಲ, ತೆಳುವಾಗಿರುತ್ತದೆ, ಅದಕ್ಕೆ ಹೊಂದಿಕೊಳ್ಳಲು ದೇಹಕ್ಕೆ ದಿನಗಳು ಬೇಕು.

ಬಳ್ಳಾರಿಯ ಕೋಟೆಬೆಟ್ಟವನ್ನು ದಿನವೂ ಹತ್ತುವವನಿಗೆ ಏನೂ ಆಗದೆಂಬ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಭತ್ತದ ಚೀಲವನ್ನು ಲೀಲಾಜಾಲವಾಗಿ ಹೊರುತ್ತಿದ್ದ ಸಿರುಗುಪ್ಪದ ಸಂಗಡಿಗನೊಬ್ಬ ಗೋಮುಖದ ದಾರಿಯ ಭೋಜಬಾಸಾದಲ್ಲಿ ಬೂಟಿನ ದಾರ ಕಟ್ಟಲು ಬೆರಳು ಕೂಡಿಬಾರದೆ, ತುಟಿ ನೀಲಿಗಟ್ಟಿ, ಸುಮ್ಮನೆ ನನ್ನ ಮುಖ ನೋಡುತ್ತ ಕುಳಿತಿದ್ದ. ಗಂಗೋತ್ರಿಗೆ ಇಳಿಸಿದ ಮೇಲೆಯೇ ಅವನು ಊಟ ಕೇಳಿದ್ದು. ಇನ್ನು ಉಸಿರು ಕಟ್ಟಿದಾಗ ಮೂಸಲೆಂದು ಒಯ್ಯುವ ಕರ್ಪೂರ! ಅದನ್ನು ಮೂಸಿದರೆ ಮೂಗು ತಣ್ಣಗಾಗಿ ಉಸಿರು ಸರಾಗವಾದಂತೆ ಭಾಸವಾಗುತ್ತದೆಯೇ ಹೊರತು, ರಕ್ತಕ್ಕೆ ಆಮ್ಲಜನಕ ಕಿಂಚಿತ್ತೂ ಹೆಚ್ಚಾಗಿ ಸೇರುವುದಿಲ್ಲ. ಆ ಸುಳ್ಳು ಸಮಾಧಾನದಲ್ಲಿ ಮನುಷ್ಯ ಇನ್ನೂ ಮೇಲಕ್ಕೆ ಹತ್ತುತ್ತಾನೆ.

ಆದುದರಿಂದ ದಾರಿಯಲ್ಲಿ ಸಿಗುವ ಹರ್ಸಿಲ್‌ನಲ್ಲಿಯೂ ಗಂಗೋತ್ರಿಯಲ್ಲಿಯೂ ತಂಗಿ, ಆಮೇಲೆ ನಡೆಯಿರಿ. ತಲೆನೋವಿನೊಡನೆ ವಾಕರಿಕೆ ಬಂದರೆ ಅಲ್ಲಿಯೇ ನಿಲ್ಲಿರಿ, ಕಡಿಮೆಯಾಗದಿದ್ದರೆ ಇಳಿಯಿರಿ. ಕುಳಿತಲ್ಲಿಯೇ ಏದುಸಿರು ಬಂದರೆ, ನಡೆಯುವಾಗ ಹೆಜ್ಜೆ ತಪ್ಪಿದರೆ, ಬೆಳಗಾಗಲೆಂದು ಕಾಯದೆ, ಒಬ್ಬರ ಜೊತೆಯಲ್ಲಿ ಆ ಕ್ಷಣವೇ ಇಳಿಯಿರಿ. ಎತ್ತರದ ಬಾಧೆಗೆ ಕೊಡುವ ಡಯಾಮಾಕ್ಸ್ ಮಾತ್ರೆ ವೈದ್ಯರ ಸಲಹೆಯಿಂದ ಮಾತ್ರ. ಮಾತ್ರೆ ನುಂಗಿದೆನೆಂದು ಇಳಿಯುವುದನ್ನು ಮುಂದೂಡಬೇಡಿರಿ.

ಸಮಯ ಮುಗಿಯುತ್ತ ಬಂದುದರಿಂದ ಹಿಮನದಿಯ ವಿಷಯವನ್ನು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ: ಭಾಗೀರಥಿ ಹೊರಹೊಮ್ಮುವ ಆ ಮಂಜುಗಡ್ಡೆಯ ಗೋಡೆಯಿಂದ ಬಂಡೆಯಂಥ ತುಂಡುಗಳು ಸೂಚನೆಯಿಲ್ಲದೆ ಕಳಚಿಬೀಳುತ್ತವೆ, ತೀರ್ಥ ತುಂಬಿಕೊಳ್ಳುವುದಾದರೆ ಬಹಳ ಕೆಳಗೆ, ಹೊಳೆಯ ದಡದಲ್ಲಿ ತುಂಬಿಕೊಳ್ಳಿರಿ.