ಕೆಲಸ ಮುಗಿದ ಮೇಲಿನ ಒಂದೂವರೆ ದಿನ

(ಮಲೆನಾಡಿನ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ವ್ಯವಹಾರಕ್ಕೆಂದು ಪರಸ್ಥಳಕ್ಕೆ ಹೋದವರು ಕೆಲಸ ಮುಗಿದ ಮೇಲೆ ಒಂದು ದಿನ ಹೆಚ್ಚಿಗೆ ನಿಂತು ಏನನ್ನಾದರೂ ನೋಡಿಕೊಂಡು ಬರುವುದು ಹೊಸ ಪದ್ಧತಿಯಲ್ಲ. ಸಾಗರದ ಮಂಡಿಗೆ ಅಡಿಕೆ ಹಾಕಲು ಹೋದವರು ಇಕ್ಕೇರಿಯ ಅಘೋರೇಶ್ವರನಿಗೆ ಕೈಮುಗಿದು ಬರುತ್ತಿದ್ದರು. ಕೋರ್ಟು ಕೆಲಸಕ್ಕೆ ಬೆಂಗಳೂರಿಗೆ ಹೋದವರು ಲಾಲ್‌ಬಾಗ್ ಸುತ್ತದೆ ಮರಳುತ್ತಿರಲಿಲ್ಲ. ಆಗ ಆ ಒಂದು ದಿನದ ಆಯ್ಕೆ ದೊಡ್ಡ ಪ್ರಶ್ನೆಯಾಗಿರಲಿಲ್ಲ. ಬಸ್ಸು ಎಲ್ಲಿಗೆ ಹೋಗುತ್ತಿತ್ತೋ ಅದೇ ಆಯ್ಕೆ. ಇಂದು ಹಾಗಿಲ್ಲ. ರಾಜಾಜಿನಗರದ ವಸತಿಗೃಹವೊಂದರಲ್ಲಿ ಶುಕ್ರವಾರ ಸಂಜೆ ಕೈಗೊಂಡ ನಿರ್ಧಾರ ಶನಿವಾರ ಬೆಳಗಿನ ಹೊತ್ತಿಗೆ ಮುಳ್ಳಯ್ಯನಗಿರಿಯ ತಿರುವಿನಲ್ಲಿ ಕಾರುಗಳ ಸಾಲಾಗಿ ನಿಂತಿರುತ್ತದೆ. ಪೇಟೆಯವರ ವಿಶ್ರಾಂತಿಯ ವಿಷಯ ಮಲೆನಾಡಿನ ಸಭೆಗೆ ಬರಬೇಕಾದುದು ಈ ಕಾರಣದಿಂದ.

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಇವು ಪಶ್ಚಿಮ ಬೆಂಗಳೂರಿನ ಬಡಾವಣೆಗಳು ಮಾತ್ರವಲ್ಲ, ಪಶ್ಚಿಮ ಘಟ್ಟದ ಹೆಬ್ಬಾಗಿಲುಗಳೂ ಹೌದು. ತುಮಕೂರು ರಸ್ತೆ, ಮಾಗಡಿ ರಸ್ತೆ, ಮೈಸೂರು ರಸ್ತೆ ಮೂರೂ ಇವುಗಳ ಮಗ್ಗುಲಿನಿಂದಲೇ ಹೊರಡುತ್ತವೆ. ರಾಜಾಜಿನಗರದ ಕೈಗಾರಿಕಾ ವಸಾಹತು, ಅದರಾಚೆಯ ಪೀಣ್ಯದ ಸಾವಿರಾರು ಸಣ್ಣ ಕಾರ್ಖಾನೆಗಳಿಗೆ ಹೊರಗಿನಿಂದ ಬಂದುಹೋಗುವವರು ನಿತ್ಯವೂ ಇದ್ದಾರೆ. ಇವರಲ್ಲಿ ಹೊರರಾಜ್ಯದವರಂತೆ ಮಲೆನಾಡಿನವರೂ ಸೇರಿದ್ದಾರೆ. ಔಷಧಿ ಸಿಂಪಡಿಸುವ ಪಂಪಿನ ಬಿಡಿಭಾಗ ತರಲು, ಅಡಿಕೆ ಸುಲಿಯುವ ಯಂತ್ರ ನೋಡಲು, ಉದ್ಯೋಗದ ಸಂದರ್ಶನಕ್ಕೆ ಹೋಗುವ ಘಟ್ಟದ ಮಕ್ಕಳು ವಿಜಯನಗರದ ಬಂಧುಗಳ ಮನೆಯಲ್ಲಿ ಇಳಿದುಕೊಳ್ಳುತ್ತಾರೆ. ಭಾನುವಾರ ಏನು ಮಾಡುವುದೆಂದು ತಿಳಿಯದೆ ಮಾಲ್‌ಗಳಲ್ಲಿ ಸುತ್ತಿ ಬರುತ್ತಾರೆ.

ಕೊಯಮತ್ತೂರಿನಿಂದ ಪೀಣ್ಯಕ್ಕೆ ಬಂದ ಒಬ್ಬ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳಬಹುದು. ಶುಕ್ರವಾರ ಸಂಜೆಗೆ ಆತನ ಕೆಲಸ ಮುಗಿಯಿತು. ಭಾನುವಾರ ಮಧ್ಯಾಹ್ನ ಮರಳಿ ರೈಲು ಹಿಡಿಯಬೇಕು. ನಡುವೆ ಎಚ್ಚರವಾಗಿರುವ ಅವಧಿ ಹೆಚ್ಚೆಂದರೆ ಇಪ್ಪತ್ತನಾಲ್ಕು ಗಂಟೆ. ಚಿಕ್ಕಮಗಳೂರು ಸುಮಾರು 240 ಕಿಲೋಮೀಟರ್, ಮಡಿಕೇರಿ ಅದಕ್ಕಿಂತ ತುಸು ಹೆಚ್ಚು. ಊಟ ತಿಂಡಿಗೆ ನಿಂತು, ನಗರದ ಅಂಚಿನ ವಾಹನದಟ್ಟಣೆ ದಾಟಿ ಹೋಗಲು ಆರು ಗಂಟೆ, ಬರಲು ಆರು ಗಂಟೆ. ಅಲ್ಲಿಗೆ ಅರ್ಧ ವಿಶ್ರಾಂತಿ ಕಾರಿನ ಆಸನದಲ್ಲಿಯೇ ಕಳೆಯಿತು. ಉಳಿದ ಅರ್ಧದಲ್ಲಿ ಆತ ಗಿರಿಶಿಖರಕ್ಕೆ ಓಡುತ್ತಾನೆ, ಜಲಪಾತಕ್ಕೆ ಓಡುತ್ತಾನೆ, ಚಿತ್ರ ತೆಗೆಯುತ್ತಾನೆ. ಇದನ್ನು ಪ್ರವಾಸವೆನ್ನುವುದಕ್ಕಿಂತ ಸಾಗಣೆ ಎನ್ನುವುದೇ ಸರಿ.

ಆತನ ದಣಿವು ಆತನಿಗಿರಲಿ. ಹೊರೆ ಬೀಳುವುದು ಬೆಟ್ಟದ ಮೇಲೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಸುತ್ತ ಇರುವುದು ಹುಲ್ಲುಗಾವಲು ಮತ್ತು ಶೋಲಾ ಕಾಡು. ಹುಲ್ಲಿನ ಬೇರು ತೆಳ್ಳನೆಯ ಮಣ್ಣನ್ನು ಹಿಡಿದಿರುತ್ತದೆ, ಮಣ್ಣು ಮಳೆನೀರನ್ನು ಹಿಡಿದಿರುತ್ತದೆ. ಹಾಗೆ ಹಿಡಿದ ನೀರೇ ಬೇಸಿಗೆಯ ಒರತೆ. ರಸ್ತೆಯಲ್ಲಿ ಜಾಗವಿಲ್ಲದೆ ಹುಲ್ಲಿನ ಮೇಲೆ ಚಕ್ರ ಇಳಿಸಿದರೆ ಬೇರು ಕಿತ್ತು ಬರುತ್ತದೆ, ಮುಂದಿನ ಮಳೆಗೆ ಅಲ್ಲಿ ಕೊರಕಲು ಬೀಳುತ್ತದೆ. ವಾಹನಗಳ ಒತ್ತಡ ತಡೆಯಲಾಗದೆ 2025ರಲ್ಲಿ ಚಿಕ್ಕಮಗಳೂರು ಜಿಲ್ಲಾಡಳಿತ ಈ ಗಿರಿಶ್ರೇಣಿಗೆ ಮುಂಗಡ ನೋಂದಣಿಯ ಪದ್ಧತಿಯನ್ನು ತಂದಿತು. ಅದಕ್ಕೂ ಮುನ್ನ, 2024ರ ಜನವರಿಯ ಕೊನೆಯ ವಾರಾಂತ್ಯದಲ್ಲಿ ಕುಮಾರಪರ್ವತದ ಹಾದಿಯಲ್ಲಿ ಸಾವಿರಾರು ಚಾರಣಿಗರು ಜಾತ್ರೆಯಂತೆ ಸಾಲುಗಟ್ಟಿ ನಿಂತ ಚಿತ್ರಗಳನ್ನು ನಾಡೆಲ್ಲ ಕಂಡಿತು. ಸರ್ಕಾರ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಸಂಖ್ಯೆಗೆ ಮಿತಿ ಹಾಕಿ, ಆನ್‌ಲೈನ್ ಕಾಯ್ದಿರಿಸುವಿಕೆಯನ್ನು ಕಡ್ಡಾಯಗೊಳಿಸಬೇಕಾಯಿತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದುದನ್ನು ಇಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ಆ ಕುಸಿತಕ್ಕೆ ಪ್ರವಾಸಿಗರೇ ಕಾರಣರೆಂದು ಹೇಳುವುದು ಅನ್ಯಾಯ. ಆದರೆ ಅತಿವೃಷ್ಟಿಯ ಕಾಲದಲ್ಲಿ ರಸ್ತೆಗೆಂದೂ ಕಟ್ಟಡಕ್ಕೆಂದೂ ಕಡಿದ ಇಳಿಜಾರು ಎಷ್ಟು ದುರ್ಬಲವೆಂಬುದನ್ನು ಆ ವರ್ಷ ತೋರಿಸಿಕೊಟ್ಟಿತು.

ಇದಕ್ಕೊಂದು ಪ್ರತಿವಾದವಿದೆ, ಅದು ಹಗುರವಾದುದಲ್ಲ. 2000ದ ನಂತರ ಕಾಫಿಯ ಬೆಲೆ ನೆಲಕಚ್ಚಿದಾಗ ಅನೇಕ ಸಣ್ಣ ಬೆಳೆಗಾರರ ಮನೆಗಳಲ್ಲಿ ಒಲೆ ಉರಿದದ್ದು ಹೋಂಸ್ಟೇಯಿಂದ. ಮಗಳ ಓದು, ಮನೆಯ ಸಾಲ ಎಲ್ಲವೂ ಅತಿಥಿಗಳ ಹಣದಿಂದ ನಡೆದ ಕುಟುಂಬಗಳಿವೆ. ಅತಿಥಿ ಬೇಡವೆಂದು ಘೋಷಿಸುವುದು ಆ ಕುಟುಂಬಗಳ ಅನ್ನಕ್ಕೆ ಕೈಹಾಕಿದಂತೆ. ಪ್ರಶ್ನೆ ಇರುವುದು ಎಂತಹ ಅತಿಥಿ, ಎಷ್ಟು ದಿನದವನು ಎಂಬಲ್ಲಿ. ನಾಲ್ಕು ದಿನ ನಿಂತು, ತೋಟದಲ್ಲಿ ನಡೆದು, ಮನೆಯವರೊಡನೆ ಕುಳಿತು ಕಡುಬು ತಿನ್ನುವವನು ಒಂದು ಬಗೆ. ಒಂದು ರಾತ್ರಿಗೆ ಬಂದು ಮೂರು ಶಿಖರ ಎಣಿಸಿ ಓಡುವವನು ಇನ್ನೊಂದು ಬಗೆ. ಒಂದೂವರೆ ದಿನದವನನ್ನು ಬೇರೆಡೆಗೆ ಕಳಿಸುವುದರಿಂದ ಮಲೆನಾಡಿಗೆ ಆಗುವ ನಷ್ಟ ಅಷ್ಟು ದೊಡ್ಡದಲ್ಲ.

ಕಳಿಸುವುದಾದರೆ ಎಲ್ಲಿಗೆ?

ವಿಜಯನಗರ, ಬಸವೇಶ್ವರನಗರದ ಬಳಿಯಿಂದ ಮಾಗಡಿ ರಸ್ತೆ ಹಿಡಿದರೆ ಮೊದಲು ಸಿಗುವುದು ತಿಪ್ಪಗೊಂಡನಹಳ್ಳಿಯ ದಿಕ್ಕು. ಅರ್ಕಾವತಿ ಮತ್ತು ಕುಮುದ್ವತಿ ಸೇರುವಲ್ಲಿ 1933ರಲ್ಲಿ ಪೂರ್ಣಗೊಂಡ ಈ ಜಲಾಶಯ ದಶಕಗಳ ಕಾಲ ನಗರದ ದಾಹ ತಣಿಸಿತು. ಒಳಹರಿವು ಕುಗ್ಗಿ, ನೀರು ಕೆಟ್ಟು, 2012ರ ಸುಮಾರಿಗೆ ಅಲ್ಲಿಂದ ಪೂರೈಕೆ ನಿಂತಿತು. ಜಲಾನಯನ ಪ್ರದೇಶದ ರಕ್ಷಣೆಗೆ 2003ರಲ್ಲಿ ಸರ್ಕಾರ ಹೊರಡಿಸಿದ ಅಧಿಸೂಚನೆಯನ್ನು 2019ರಲ್ಲಿ ಸಡಿಲಗೊಳಿಸಲಾಯಿತು. ನದಿಯೊಂದು ಮೇಲ್ಭಾಗದಲ್ಲಿ ಹೇಗೆ ಬತ್ತುತ್ತದೆ ಎಂಬುದನ್ನು ತಿಳಿಯಬಯಸುವ ಘಟ್ಟದ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ಪಾಠವಿಲ್ಲ. ಇನ್ನೂ ಮುಂದೆ ಸಾವನದುರ್ಗ: 1,226 ಮೀಟರ್ ಎತ್ತರಕ್ಕೆ ಎದ್ದಿರುವ ಏಕಶಿಲೆ, ಕರಿಗುಡ್ಡ ಮತ್ತು ಬಿಳಿಗುಡ್ಡ, ಬುಡದಲ್ಲಿ ನರಸಿಂಹಸ್ವಾಮಿ ಹಾಗೂ ವೀರಭದ್ರಸ್ವಾಮಿಯ ಗುಡಿಗಳು. ಬಂಡೆ ಹತ್ತಲೇಬೇಕೆಂಬ ನಿಯಮವಿಲ್ಲ. ಗುಡಿಯ ಸುತ್ತಲಿನ ಮರದ ನೆರಳಿನಲ್ಲಿ ಅರ್ಧ ದಿನ ಸುಮ್ಮನೆ ಕುಳಿತರೂ ವಿಶ್ರಾಂತಿಯೇ. ಹತ್ತಿರದ ಮಂಚನಬೆಲೆ ಜಲಾಶಯದಲ್ಲಿ ಮಾತ್ರ ಯಾರೂ ನೀರಿಗಿಳಿಯಕೂಡದು. ಅಲ್ಲಿ ಮುಳುಗಿ ಸತ್ತ ಎಳೆಯರ ಸಂಖ್ಯೆ ಸಣ್ಣದಲ್ಲ.

ಮೈಸೂರು ರಸ್ತೆಯ ಕಡೆಗೆ ರಾಮನಗರದ ರಾಮದೇವರ ಬೆಟ್ಟ. ಚಲನಚಿತ್ರದ ಕಾರಣದಿಂದ ಹೆಸರಾದ ಈ ಬಂಡೆಗಳನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ವಿಸ್ತಾರ ಸುಮಾರು 346 ಹೆಕ್ಟೇರ್. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ ಸತ್ತ ದನದ ಮಾಂಸದಲ್ಲಿ ಉಳಿದು, ತಿಂದ ಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ, ದೇಶದಾದ್ಯಂತ ಅವುಗಳ ಸಂತತಿಯನ್ನೇ ಅಳಿಸುತ್ತ ಬಂದಿತ್ತು. 2006ರಲ್ಲಿ ಪಶುಚಿಕಿತ್ಸೆಗೆ ಅದರ ಬಳಕೆಯನ್ನು ನಿಷೇಧಿಸಲಾಯಿತು. ಕೊಟ್ಟಿಗೆಯಲ್ಲಿ ದನ ಕಟ್ಟಿದ ಯಾವ ಮನೆಯೂ ಈ ಕಥೆಗೆ ಹೊರಗಿನದಲ್ಲ.

ಇವೆಲ್ಲಕ್ಕಿಂತ ಹೆಚ್ಚು ಹೇಳಬೇಕಾದುದು ಕೊಕ್ಕರೆಬೆಳ್ಳೂರಿನ ಕುರಿತು. ಕೆಂಗೇರಿಯವರೆಗೆ ಮೆಟ್ರೋ 2021ರಲ್ಲಿಯೇ ಬಂದಿದೆ. ಕೆಂಗೇರಿಯಿಂದ ಮೈಸೂರು ಮಾರ್ಗದ ರೈಲಿನಲ್ಲಿ ಮದ್ದೂರು, ಅಲ್ಲಿಂದ ರಸ್ತೆಯಲ್ಲಿ ಸ್ವಲ್ಪ ಹೊತ್ತಿನ ಹಾದಿ. ಅಭಯಾರಣ್ಯದ ಬೇಲಿಯಾಗಲಿ, ಗೋಪುರವಾಗಲಿ ಅಲ್ಲಿಲ್ಲ. ಇರುವುದು ಶಿಂಷಾ ನದಿಯ ಸಮೀಪದ ಒಂದು ಸಾಮಾನ್ಯ ಹಳ್ಳಿ. ಬೀದಿಯ ಹುಣಸೆಮರ, ಹಿತ್ತಲ ಅತ್ತಿಮರಗಳ ಮೇಲೆ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಕೆಳಗೆ ರಾಗಿ ಒಣಗುತ್ತಿರುತ್ತದೆ, ಮಕ್ಕಳು ಆಡುತ್ತಿರುತ್ತಾರೆ, ಮೇಲೆ ಮರಿಗಳು ಕೊಕ್ಕು ತೆರೆದು ಕೂಗುತ್ತಿರುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಈ ಹಕ್ಕಿಗಳನ್ನು ಕರೆಯುವುದು ಬರಿಯ ಮಾತಿನ ಚೆಂದಕ್ಕಲ್ಲ. ಗೂಡಿರುವ ಮರದ ಹುಣಸೆಹಣ್ಣನ್ನು ಮನೆಯವರು ಬಿಟ್ಟುಕೊಡಬೇಕಾಗುತ್ತದೆ, ಹಿಕ್ಕೆಯ ವಾಸನೆಯನ್ನು ತಿಂಗಳುಗಟ್ಟಲೆ ಸಹಿಸಬೇಕಾಗುತ್ತದೆ. ಆ ಹಿಕ್ಕೆಯೇ ಹೊಲಕ್ಕೆ ಗೊಬ್ಬರ. ಹುಣಸೆಯ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಬಂದಿತು, ಊರಿನ ಯುವಕರು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿದರು, 2007ರಲ್ಲಿ ಹಳ್ಳಿಯು ಸಮುದಾಯ ಮೀಸಲು ಪ್ರದೇಶವಾಯಿತು. ಎಲ್ಲವೂ ಸುಖಾಂತವಲ್ಲ. 2017-18ರಲ್ಲಿ ಮೀನಿನ ಮೂಲಕ ಹೊಟ್ಟೆಗೆ ಸೇರುವ ಹುಳುಗಳಿಂದ ಅನೇಕ ಹೆಜ್ಜಾರ್ಲೆಗಳು ಸತ್ತವು. ಊರು ಕಾಪಾಡಿದರೂ ಕೆರೆಗಳು ಕೈಬಿಟ್ಟರೆ ಹಕ್ಕಿ ಉಳಿಯುವುದು ಕಷ್ಟ.

ಇಲ್ಲಿಗೆ ಹೋದ ಅತಿಥಿ ಅರ್ಧ ದಿನ ಮರದಡಿ ನಿಂತು, ಊರವರೊಡನೆ ಮಾತಾಡಿ, ಮದ್ದೂರಿನಲ್ಲಿ ವಡೆ ತಿಂದು ಸಂಜೆಗೆ ಕೆಂಗೇರಿ ಸೇರಬಲ್ಲ. ಮರುದಿನ ಬೆಳಗ್ಗೆ ಆತ ದಣಿದಿರುವುದಿಲ್ಲ.

ಕೆಂಗೇರಿಯ ಮಾತು ಬಂದಾಗ ವೃಷಭಾವತಿಯನ್ನು ಬಿಡಲಾಗದು, ಯಾವ ಪ್ರವಾಸಿ ಕೈಪಿಡಿಯೂ ಅದನ್ನು ಹೆಸರಿಸದಿದ್ದರೂ. ಬಸವನಗುಡಿಯ ಕಡೆ ಹುಟ್ಟಿ ಮೈಸೂರು ರಸ್ತೆಯ ಮಗ್ಗುಲಲ್ಲಿ ಕಪ್ಪಗೆ ನೊರೆಯಾಗಿ ಹರಿದು, ಕೆಂಗೇರಿ ದಾಟಿ, ಬೈರಮಂಗಲ ಕೆರೆ ಸೇರಿ, ಅರ್ಕಾವತಿಯ ಮೂಲಕ ಸಂಗಮದಲ್ಲಿ ಕಾವೇರಿಗೆ ಬೀಳುವ ನದಿ ಇದು. ತಲಕಾವೇರಿಯಿಂದ ಇಳಿದ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪಂಪಾಗಿ ವಿಜಯನಗರದ ನಲ್ಲಿಗೆ ಬರುತ್ತದೆ, ಬಳಕೆಯಾದ ಮೇಲೆ ಈ ಹಳ್ಳದ ದಾರಿ ಹಿಡಿದು ಅದೇ ಕಾವೇರಿಗೆ ಮರಳುತ್ತದೆ. ಬಂಧುಗಳ ಮನೆಯಲ್ಲಿ ಇಳಿದ ಘಟ್ಟದ ಹುಡುಗಿಯೊಬ್ಬಳು ಭಾನುವಾರ ಬೆಳಗ್ಗೆ ಮೂಗು ಮುಚ್ಚಿಕೊಂಡಾದರೂ ಆ ಸೇತುವೆಯ ಮೇಲೆ ಐದು ನಿಮಿಷ ನಿಂತು ನೋಡಿದರೆ ತನ್ನೂರಿನ ಒರತೆಯ ಅರ್ಧ ಚರಿತ್ರೆಯನ್ನು ಕಂಡಂತೆ.

ಹೋಂಸ್ಟೇ ನಡೆಸುವವರು ದೂರವಾಣಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಎಷ್ಟು ಜನ ಎಂಬುದಲ್ಲ, ಎಷ್ಟು ದಿನ ಎಂಬುದು. ಒಂದೇ ರಾತ್ರಿ ಎಂದವರಿಗೆ ಬೆಂಗಳೂರಿನ ಹತ್ತಿರದ ಈ ಊರುಗಳ ಹೆಸರನ್ನು ಹೇಳಿ, ಮುಂದಿನ ಸಲ ನಾಲ್ಕು ದಿನ ಬಿಡುವು ಮಾಡಿಕೊಂಡು ಬನ್ನಿರೆಂದು ಕರೆಯುವುದು ಅಸಭ್ಯವೇನಲ್ಲ. ಕೆಲವರು ಸಿಟ್ಟಾಗುತ್ತಾರೆ, ಕೆಲವರು ಪಕ್ಕದ ಮನೆಗೆ ಕರೆ ಮಾಡುತ್ತಾರೆ. ಆದ್ದರಿಂದ ಒಂದೂರಿನ ಎಲ್ಲ ಮನೆಗಳೂ ಕೂಡಿ ಗ್ರಾಮಸಭೆಯಲ್ಲಿ ತೀರ್ಮಾನಿಸದಿದ್ದರೆ ಇದು ನಡೆಯದು. ಮಳೆಗಾಲದ ಮೂರು ತಿಂಗಳಿಗೆ ಈ ಕ್ರಮವನ್ನು ಮೊದಲು ಪ್ರಯೋಗಿಸಬಹುದು, ಇಳಿಜಾರು ನೆನೆದಿರುವ ಕಾಲ ಅದೇ.

ಹಾಗೆ ಕಳಿಸುವಾಗ ಕಾಲವನ್ನೂ ತಿಳಿಸಬೇಕು. ಕೊಕ್ಕರೆಬೆಳ್ಳೂರಿನಲ್ಲಿ ಹಕ್ಕಿಗಳಿರುವುದು ಚಳಿಗಾಲದಿಂದ ಮುಂಗಾರಿನ ಆರಂಭದವರೆಗೆ. ಆಗಸ್ಟ್‌ನಲ್ಲಿ ಹೋದವರಿಗೆ ಸಿಗುವುದು ಖಾಲಿ ಹುಣಸೆಮರಗಳು. ಆ ತಿಂಗಳಲ್ಲಿ ಸಾವನದುರ್ಗದ ಬಂಡೆಯೂ ಜಾರುತ್ತದೆ. ಬುಡದ ಗುಡಿಗಳವರೆಗೆ ಹೋದರೆ ಸಾಕು.